ಪ್ರವಾಸಿ ಕೈಪಿಡಿ ಬರೆಸುತ್ತ ವಿಜ್ಞಾನ ಕಲಿಸುವುದು: ಶಿರಸಿ, ಬನವಾಸಿ ಮತ್ತು ಸುತ್ತಲಿನ ಜಲಪಾತಗಳು

ಶಾಲಾನುಭವ ಕಾರ್ಯಕ್ರಮದಲ್ಲಿ ಶಿರಸಿಯ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಗೆ ದಸರಾ ರಜೆಯ ನಂತರ ನಡೆಸಿದ ಐದು ಅವಧಿಗಳ ಪಾಠವೊಂದರ ವರದಿ ಇದು. ಬಲ ಮತ್ತು ಚಲನೆಯ ನಿಯಮಗಳು, ಗುರುತ್ವ, ಕೆಲಸ ಮತ್ತು ಶಕ್ತಿ, ಶಬ್ದ ಎಂಬ ನಾಲ್ಕು ಘಟಕಗಳ ಕಲಿಕಾಂಶಗಳನ್ನು ಒಂದೇ ಕೆಲಸದಲ್ಲಿ ಬಳಸುವಂತೆ ಮಾಡುವುದು ಪಾಠದ ಉದ್ದೇಶ. ಆ ಕೆಲಸವೆಂದರೆ ನಮ್ಮ ಊರಿಗೆ ಬರುವವರಿಗಾಗಿ ಒಂದು ಪ್ರವಾಸಿ ಕೈಪಿಡಿ ಬರೆಯುವುದು. ಹೊಳೆ ದಂಡೆಯ ಹಳೆಯ ಪಟ್ಟಣ ಬನವಾಸಿ, ಘಟ್ಟದ ಮೇಲಿನ ಪೇಟೆ ಶಿರಸಿ, ಇವೆರಡರಿಂದ ಹೊರಟು ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಜಲಪಾತಗಳವರೆಗೆ ಅದರ ವ್ಯಾಪ್ತಿ.

ಯೋಜನಾ ಕಾರ್ಯ ಎಂದರೆ ಚಾರ್ಟು, ಥರ್ಮೊಕೋಲು, ಬಣ್ಣದ ಪೆನ್ನು ಎಂಬ ರೂಢಿ ನಮ್ಮಲ್ಲಿ ಬಲವಾಗಿದೆ. ಪ್ರವಾಸಿ ಕೈಪಿಡಿಯೂ ಸುಲಭವಾಗಿ ಆ ದಾರಿ ಹಿಡಿಯಬಹುದು. ಆದರೆ ಕೈಪಿಡಿಯನ್ನು ನಂಬಿ ಒಬ್ಬರು ಕುಟುಂಬ ಸಮೇತ ಕಾರು ಹತ್ತುತ್ತಾರೆ. ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಹೊಳೆ, ಜಲಪಾತಗಳಲ್ಲಿ ಹೊರಗಿನಿಂದ ಬಂದವರು ಕೊಚ್ಚಿಹೋದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಕೆಲವು ವಾರ ಜಿಲ್ಲಾಡಳಿತ ಪ್ರವೇಶವನ್ನೇ ನಿಷೇಧಿಸುವುದೂ ಉಂಟು. ಹಾಗಾಗಿ ಇಲ್ಲಿ ತಪ್ಪು ವಾಕ್ಯ ಬರೆದರೆ ಹೋಗುವುದು ಒಂದು ಅಂಕವಷ್ಟೇ ಅಲ್ಲ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿದ್ದೆ. ಅವರು ಬರೆದ ರೀತಿಯ ಮೇಲೆ ಆ ಮಾತಿನ ಪರಿಣಾಮ ನಾನು ಎಣಿಸಿದ್ದಕ್ಕಿಂತ ಹೆಚ್ಚಾಗಿಯೇ ಆಯಿತು.

ಯಾವ ಜಲಪಾತಕ್ಕೂ ಹೊಂದುವ ವಾಕ್ಯಗಳು

ಮೊದಲ ಅವಧಿಗೆ ಮಕ್ಕಳು ಮನೆಯಲ್ಲಿದ್ದ ಪ್ರವಾಸಿ ಕರಪತ್ರ, ಪತ್ರಿಕೆಯ ಪುರವಣಿ, ಹೋಮ್‌ಸ್ಟೇಗಳ ಜಾಹೀರಾತು ತಂದಿದ್ದರು. ಚಟುವಟಿಕೆ ಸರಳ. ಯಾವ ಜಲಪಾತಕ್ಕೆ ಬೇಕಾದರೂ ಹೊಂದುವ ವಾಕ್ಯದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಬೇಕು. ಹಾಲ್ನೊರೆ, ನಯನಮನೋಹರ, ಪ್ರಕೃತಿಯ ಮಡಿಲು, ಮೈದುಂಬಿ ಧುಮ್ಮಿಕ್ಕುವ ಎಂಬ ಪದಗಳಿದ್ದ ಸಾಲುಗಳೆಲ್ಲ ಹತ್ತು ನಿಮಿಷದಲ್ಲಿ ಗೆರೆಯಡಿ ಸೇರಿದವು. ಒಬ್ಬ ಹುಡುಗ ಎದ್ದು, “ಟೀಚರ್, ಇದು ನಮ್ಮನೆ ಹಿಂದಿನ ಹಳ್ಳಕ್ಕೂ ಹೊಂದ್ತು” ಎಂದ. ಗೆರೆ ಬೀಳದೆ ಉಳಿದದ್ದು ಊರಿನ ಹೆಸರು, ದೂರ, ಎತ್ತರ, ಅಷ್ಟೆ.

ಮರುಪ್ರಶ್ನೆಯಾಗಿ, ನಿಮ್ಮನ್ನು ಪ್ರವಾಸಿಗರು ಏನು ಕೇಳುತ್ತಾರೆ ಎಂದೆ. ಜಲಪಾತದ ದಾರಿಯಲ್ಲೇ ಮನೆಯಿರುವ ಹುಡುಗಿಯೊಬ್ಬಳ ಉತ್ತರ ಹೀಗಿತ್ತು: “ಎಷ್ಟು ದೂರ ಅಂತ ಕೇಳ್ತಾರೆ. ರೋಡ್ ಹೇಗಿದೆ ಅಂತ ಕೇಳ್ತಾರೆ. ಚಹಾ ಸಿಗ್ತದಾ ಅಂತ ಕೇಳ್ತಾರೆ. ನೀರು ಎಷ್ಟಿದೆ ಅಂತ ಒಬ್ರೂ ಕೇಳೋದಿಲ್ಲ.”

ಆ ಉತ್ತರವನ್ನೇ ಪಾಠದ ಮೂಲ ಪ್ರಶ್ನೆಯಾಗಿ ಕಪ್ಪುಹಲಗೆಯ ಮೇಲಿನ ಮೂಲೆಯಲ್ಲಿ ಬರೆದೆವು. ನಮ್ಮ ಕೈಪಿಡಿಯಲ್ಲಿ ಪ್ರತಿ ಜಾಗದ ಬಗ್ಗೆ ಮೊದಲು ಹೇಳಬೇಕಾದದ್ದು, ಅಲ್ಲಿ ಯಾವ ತಿಂಗಳು ಎಷ್ಟು ನೀರು, ಅದು ಎಲ್ಲಿಂದ ಬರುತ್ತದೆ. ಐದೂ ಅವಧಿ ಮುಗಿಯುವವರೆಗೆ ಅದನ್ನು ಅಳಿಸಲಿಲ್ಲ.

ನೀರು ಎತ್ತ ಹೋಗುತ್ತದೆ

ಎರಡನೆಯ ಅವಧಿಯಲ್ಲಿ ಮೂರು ತಾಲ್ಲೂಕುಗಳ ನಕ್ಷೆ ಬಿಡಿಸಿ ಊರುಗಳ ಬದಲು ಹೊಳೆಗಳನ್ನು ಮಾತ್ರ ಗುರುತಿಸಿದೆವು. ಆಗ ತಾಲ್ಲೂಕಿನ ಗಡಿಗಿಂತ ಬೇರೆಯೇ ಒಂದು ಗಡಿ ಕಾಣಿಸಿತು.

ಶಿರಸಿ ಪೇಟೆಯಲ್ಲೇ ಇರುವ ಶಂಕರ ಹೊಂಡವನ್ನು ಅಘನಾಶಿನಿಯ ಮೂಲಗಳಲ್ಲಿ ಒಂದೆಂದು ಹೇಳುತ್ತಾರೆ. ಅಲ್ಲಿಂದ ಹೊರಟ ನೀರು ಸಿದ್ದಾಪುರದ ಕಾಡಿನಲ್ಲಿ ಉಂಚಳ್ಳಿಯಲ್ಲಿ ಧುಮುಕಿ, ಘಟ್ಟ ಇಳಿದು, ಕುಮಟಾದ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಶಿರಸಿಯಿಂದ ಸುಮಾರು 23 ಕಿ.ಮೀ. ದೂರದ ಬನವಾಸಿಯನ್ನು ವರದೆ ಮೂರು ಕಡೆ ಬಳಸಿ ಹರಿಯುತ್ತಾಳೆ. ಅವಳು ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಬನವಾಸಿ ದಾಟಿ, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ತುಂಗಭದ್ರೆ ಕೃಷ್ಣೆಯನ್ನು, ಕೃಷ್ಣೆ ಬಂಗಾಳ ಕೊಲ್ಲಿಯನ್ನು. ಅಂದರೆ ಒಂದೇ ತಾಲ್ಲೂಕಿನಲ್ಲಿ ಬಸ್ಸಿನ ಒಂದು ಗಂಟೆಯೊಳಗಿನ ಹಾದಿಯಲ್ಲಿರುವ ಎರಡು ಊರುಗಳ ಮಳೆನೀರು ದೇಶದ ಎರಡು ಬೇರೆ ಬೇರೆ ಕರಾವಳಿಗೆ ಹೋಗುತ್ತದೆ. ನಡುವೆ ಎಲ್ಲೋ ಒಂದು ದಿಬ್ಬವಿದೆ. ಅದರ ಮೇಲೆ ಬಿದ್ದ ಹನಿ ಅತ್ತಲೋ ಇತ್ತಲೋ ಉರುಳಬೇಕು. ಬಸ್ಸಿನಲ್ಲಿ ದಿನಾ ಓಡಾಡುವ ಮಕ್ಕಳಿಗೂ ಅದು ಹೊಸದು. ‘ಜಲವಿಭಾಜಕ’ ಎಂಬ ಶಬ್ದವನ್ನು ನಾನು ವ್ಯಾಖ್ಯಾನಿಸಬೇಕಾಗಿ ಬರಲಿಲ್ಲ. ದಿಬ್ಬ ಸಿಕ್ಕ ಮೇಲೆ ಅದಕ್ಕೊಂದು ಹೆಸರು ಬೇಕೆಂದು ಅವರೇ ಕೇಳಿದರು.

ಉಳಿದ ಜಾಗಗಳನ್ನೂ ಹೀಗೆಯೇ ಹೊಳೆಗೆ ಸೇರಿಸಿದೆವು. ಯಲ್ಲಾಪುರದ ಮಾಗೋಡು ಬೇಡ್ತಿಯದು. ಬೇಡ್ತಿ ಕಲಘಟಗಿಯ ಕಡೆಯಿಂದ ಬಂದು ಮಾಗೋಡಿನಲ್ಲಿ ಸುಮಾರು 200 ಮೀಟರ್ ಎರಡು ಹಂತಗಳಲ್ಲಿ ಇಳಿದು, ಮುಂದೆ ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲಾ ಸೀಮೆಯಲ್ಲಿ ಸಮುದ್ರ ಸೇರುತ್ತದೆ. ಸಹಸ್ರಲಿಂಗದ ಶಾಲ್ಮಲೆಯೂ ಬೇಡ್ತಿಯನ್ನೇ ಸೇರುವವಳು. ಯಲ್ಲಾಪುರದ ಇನ್ನೊಂದು ಜಲಪಾತ ಸಾತೊಡ್ಡಿಯ ನೀರು ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರಿಗೆ, ಅಂದರೆ ಕಾಳಿಗೆ ಹೋಗುತ್ತದೆ. ಸಿದ್ದಾಪುರದಿಂದ ಸುಮಾರು 20 ಕಿ.ಮೀ. ದೂರದ ಜೋಗ ಶರಾವತಿಯದು. ಮೂರು ತಾಲ್ಲೂಕಿನ ಪ್ರವಾಸದಲ್ಲಿ ಹೀಗೆ ಐದು ನದಿಗಳು ಬಂದವು.

ಇಲ್ಲಿ ಮಕ್ಕಳ ನಡುವೆ ಒಂದು ಜಗಳ ಹುಟ್ಟಿತು. ಜೋಗ ಸಾಗರದವರದ್ದೋ ಸಿದ್ದಾಪುರದವರದ್ದೋ? ಯಾಣ ಕುಮಟಾ ತಾಲ್ಲೂಕಿನಲ್ಲಿದ್ದರೂ ಎಲ್ಲರೂ ಶಿರಸಿಯ ಪಟ್ಟಿಗೆ ಸೇರಿಸುತ್ತಾರಲ್ಲ, ಸರಿಯೇ? ಪ್ರವಾಸಿಗೆ ತಾಲ್ಲೂಕು ಕಚೇರಿಯ ಹಂಗಿಲ್ಲ ಎಂದು ತರಗತಿಯೇ ತೀರ್ಮಾನಿಸಿತು. ಆದರೆ ಯಾಣವನ್ನು ಕೈಬಿಟ್ಟರು. ಅಲ್ಲಿನ ಶಿಲೆಗಳ ವಿಷಯವೇ ಬೇರೆ, ಅದು ಸುಣ್ಣಕಲ್ಲಿನ ಪಾಠ ಎಂಬ ಕಾರಣ ಕೊಟ್ಟರು. ನನಗೆ ಒಪ್ಪಿಗೆಯಾಯಿತು.

ಐದು ಹೊಳೆಗಳನ್ನು ಸಾಲಾಗಿ ಬರೆದ ಮೇಲೆ ಮುಂದಿನ ಪ್ರಶ್ನೆ ತಾನಾಗಿ ಬಂತು: ಮೇಲೆ ಅಣೆಕಟ್ಟಿದೆಯೇ? ಶರಾವತಿಗೆ ಜೋಗದ ಮೇಲ್ಭಾಗದಲ್ಲಿ 1964ರಲ್ಲಿ ಮುಗಿದ ಲಿಂಗನಮಕ್ಕಿ ಇದೆ. ಆದ್ದರಿಂದ 253 ಮೀಟರಿನ ಜೋಗ ಎಷ್ಟು ತುಂಬಿ ಬೀಳುತ್ತದೆ ಎಂಬುದು ಜಲಾಶಯದ ಮಟ್ಟವನ್ನೂ ಗೇಟುಗಳನ್ನೂ ಅವಲಂಬಿಸಿದೆ. ಉಂಚಳ್ಳಿಯ ಮೇಲೆ ಅಂಥ ದೊಡ್ಡ ಕಟ್ಟೆ ಇಲ್ಲ. ಅಘನಾಶಿನಿ ಮಳೆಯ ಹೊಳೆ. ಬೆಳಿಗ್ಗೆ ಮಳೆ ಹೊಡೆದರೆ ಅದೇ ದಿನ ಏರುತ್ತದೆ. ‘ಜಲಪಾತ’ ಎಂಬ ಒಂದೇ ಹೆಸರಿದ್ದರೂ ಇವೆರಡನ್ನು ನೋಡಲು ಹೋಗುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಜೋಗಕ್ಕೆ ಹೋಗುವವರು ‘ನೀರು ಬಿಟ್ಟಿದ್ದಾರೆಯೇ’ ಎಂದು ಕೇಳಬೇಕು, ಉಂಚಳ್ಳಿಗೆ ಹೋಗುವವರು ‘ನಿನ್ನೆ ರಾತ್ರಿ ಮಳೆ ಎಷ್ಟು’ ಎಂದು.

ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಜೋಡಣೆ ಯೋಜನೆಯ ಬಗ್ಗೆ ಈ ಭಾಗದಲ್ಲಿ ಎಷ್ಟು ಸಭೆಗಳಾಗಿವೆ ಎಂಬುದು ಮಕ್ಕಳಿಗೂ ಗೊತ್ತು. ದಿಬ್ಬದ ಮಾತು ಬಂದ ಕೂಡಲೇ ಒಬ್ಬ ಅದನ್ನೆತ್ತಿದ. ಪರ ವಿರೋಧ ಚರ್ಚೆಗೆ ಅವಧಿ ಬಿಟ್ಟುಕೊಡದೆ, ಒಂದು ಘನ ಮೀಟರ್ ನೀರನ್ನು 100 ಮೀಟರ್ ಎತ್ತಲು ಎಷ್ಟು ಕೆಲಸ ಎಂಬ ಲೆಕ್ಕ ಕೊಟ್ಟೆ. 1000 ಕಿಲೋಗ್ರಾಂ, 9.8, 100: ಒಟ್ಟು 9,80,000 ಜೂಲ್, ಅಂದರೆ ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ತು. ‘ಒಂದು ಘನ ಮೀಟರಿಗೆ ಇಷ್ಟೇನಾ’ ಎಂದು ಕೆಲವರು, ‘ಹೊಳೆ ಅಂದ್ರೆ ಒಂದೇ ಘನ ಮೀಟರಾ’ ಎಂದು ಇನ್ನು ಕೆಲವರು. ಆ ಎರಡನೆಯ ಪ್ರಶ್ನೆಯನ್ನು ಮನೆಗೆಲಸಕ್ಕೆ ಬಿಟ್ಟೆ.

ಯಾವ ಮಳೆ?

ಇಲ್ಲಿನ ಮನೆಗಳಲ್ಲಿ ಮಳೆಯನ್ನು ಇಂಗ್ಲಿಷ್ ತಿಂಗಳಿನಲ್ಲಿ ಲೆಕ್ಕ ಹಾಕುವುದಿಲ್ಲ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ ಎಂದೇ ಮಾತು. ಬೆಂಗಳೂರಿನಿಂದ ಬರುವವರಿಗೆ ಇದು ಅರ್ಥವಾಗದು. ಆದ್ದರಿಂದ ಮೂರನೆಯ ಅವಧಿಯಲ್ಲಿ ಮಕ್ಕಳು ಪಂಚಾಂಗ ತಂದು ಒಂದು ತಃಖ್ತೆ ಮಾಡಿದರು. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುವಂತೆ ಕಾಣುತ್ತಾನೆ. 365ನ್ನು 27ರಿಂದ ಭಾಗಿಸಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಮೃಗಶಿರ ಜೂನ್ 8ರ ಆಚೀಚೆ ಹಿಡಿಯುತ್ತದೆ, ಆರಿದ್ರಾ ಜೂನ್ 22ರ ಸುಮಾರಿಗೆ, ಪುನರ್ವಸು ಜುಲೈ 6ರ ಸುಮಾರಿಗೆ, ಪುಷ್ಯ ಜುಲೈ 20ರ ಸುಮಾರಿಗೆ, ಆಶ್ಲೇಷಾ ಆಗಸ್ಟ್ ಮೊದಲ ವಾರದಲ್ಲಿ. ಮಳೆಯ ಹೆಸರು ಸೂರ್ಯನ ಸ್ಥಾನದ ಹೆಸರು ಎಂಬುದು ಅಜ್ಜನ ಪಂಚಾಂಗದಲ್ಲಿ ಇದ್ದೇ ಇತ್ತು, ವಿಜ್ಞಾನದ ಅವಧಿಗೆ ಬರಲು ಇಷ್ಟು ದಿನ ಹಿಡಿಯಿತು.

ತಃಖ್ತೆಯ ಎದುರು ಪ್ರತಿ ಜಾಗದ ಸ್ಥಿತಿ ಬರೆಯುತ್ತ ಹೋದಾಗ ಒಂದು ವಿರೋಧಾಭಾಸ ಎದ್ದು ಕಂಡಿತು. ಜಲಪಾತ ಅತಿ ದೊಡ್ಡದಾಗಿರುವ ಪುನರ್ವಸು, ಪುಷ್ಯ ಮಳೆಗಳಲ್ಲಿ ಅದು ಕಾಣುವುದೇ ಕಡಿಮೆ, ಏಕೆಂದರೆ ಕಣಿವೆ ತುಂಬ ಮಂಜು. ನೋಡುವ ಜಾಗಕ್ಕೆ ಹೋದರೆ ಸದ್ದು ಕೇಳುತ್ತದೆ, ಎದುರಿಗೆ ಬಿಳಿ ಗೋಡೆ. ಜೊತೆಗೆ ಉಂಬಳ. ಘಟ್ಟದ ರಸ್ತೆಗಳಿಗೂ ಅದೇ ಅತಿ ಕೆಟ್ಟ ಕಾಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಜರಿದು ತೋಟ, ಮನೆ, ರಸ್ತೆ ಹೋದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದ ಗುಡ್ಡ ಗಂಗಾವಳಿಯೊಳಗೇ ಬಂದು ಬಿದ್ದಿತು. ಎರಡೂ ಜುಲೈ. ಶಿರಸಿ ಕುಮಟಾ ನಡುವಿನ ದೇವಿಮನೆ ಘಟ್ಟ, ಯಲ್ಲಾಪುರ ಅಂಕೋಲಾ ನಡುವಿನ ಅರಬೈಲು ಘಟ್ಟ ಇಳಿಯುವ ಮುನ್ನ ದಾರಿ ಬಿಟ್ಟಿದೆಯೇ ಎಂದು ಕೇಳಿಕೊಳ್ಳಬೇಕು ಎಂಬ ಸಾಲನ್ನು ಮಕ್ಕಳು ಕೈಪಿಡಿಯ ಮೊದಲ ಪುಟಕ್ಕೇ ಹಾಕಿದರು.

ಹಾಗಾದರೆ ಯಾವಾಗ ಬರಬೇಕು? ತರಗತಿಯ ಬಹುಮತ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್. ಹೊಳೆಯಲ್ಲಿ ನೀರಿರುತ್ತದೆ, ಬಿಸಿಲೂ ಇರುತ್ತದೆ. ಸಹಸ್ರಲಿಂಗಕ್ಕೆ ಮಾತ್ರ ಇದು ಸಾಲದು. ಶಾಲ್ಮಲೆಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು ಮಳೆಗಾಲದಲ್ಲಿ ನೀರಿನಡಿ ಇರುತ್ತವೆ. ನೀರು ಇಳಿಯುತ್ತ ಹೋದಂತೆ ಒಂದೊಂದೇ ತಲೆ ಎತ್ತುತ್ತವೆ. ಶಿವರಾತ್ರಿಯ ಹೊತ್ತಿಗೆ ನೋಡಬೇಕು. ಸೋದೆಯ ಅರಸು ಸದಾಶಿವರಾಯನ ಕಾಲದ್ದು ಎನ್ನಲಾಗುವ ಆ ಕೆತ್ತನೆಗಳಿಗೂ ಒಂದು ಪಂಚಾಂಗವಿದೆ ಎಂದಾಯಿತು.

ಊಟ ತಿಂಡಿಯ ಪುಟವನ್ನೂ ತಿಂಗಳಿಗೆ ಕಟ್ಟಬೇಕೆಂದು ಹಟ ಹಿಡಿದವರು ಹುಡುಗಿಯರ ಗುಂಪು. ತೊಡದೇವು ಯಾವಾಗಲೂ ಅಂಗಡಿಯಲ್ಲಿ ಸಿಕ್ಕೀತು, ಆದರೆ ಮಾಡುವುದನ್ನು ನೋಡಬೇಕಾದರೆ ಆಲೆಮನೆ ನಡೆಯುವ ದಿನಗಳಲ್ಲೇ ಬರಬೇಕು. ಹೊಳೆ ದಂಡೆಯ ಅಪ್ಪೆಮಿಡಿ ಫೆಬ್ರವರಿ, ಮಾರ್ಚ್‌ನದು. ಮುರುಗಲು ಬೇಸಿಗೆಯದು. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆ ದಿನಗಳಲ್ಲಿ ಪೇಟೆಯಲ್ಲಿ ರೂಮು ಹುಡುಕಬೇಡಿ ಎಂಬ ಎಚ್ಚರಿಕೆಯೂ ಸೇರಿತು.

ಮೊಣಕಾಲುದ್ದ ನೀರಿನ ಲೆಕ್ಕ

ನಾಲ್ಕನೆಯ ಅವಧಿಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಉಳಿದದ್ದೆಲ್ಲ ಸಮಾಜ ವಿಜ್ಞಾನದವರೂ ಮಾಡಿಸಬಹುದು, ಇದು ನಮ್ಮ ಕೆಲಸ.

ಪ್ರವಾಸಿಗರು ಹೊಳೆಗಿಳಿಯುವಾಗ ಆಡುವ ಮಾತು ‘ಮೊಣಕಾಲಿನವರೆಗೆ ಮಾತ್ರ’ ಎಂಬುದು. ಆಳ ಕಣ್ಣಿಗೆ ಕಾಣುತ್ತದೆ, ವೇಗ ಕಾಣುವುದಿಲ್ಲ. ಆದ್ದರಿಂದ ವೇಗದಿಂದ ಶುರುಮಾಡಿದೆವು. ಹೊಳೆಗೆ ಮಕ್ಕಳನ್ನು ಕರೆದೊಯ್ಯಲಿಲ್ಲ. ಶಾಲೆಯ ಪಕ್ಕದ ತೋಟದ ಕಾದಿಗೆಯಲ್ಲಿ ಪಾದ ಮುಳುಗುವಷ್ಟು ನೀರಿತ್ತು, ಅಷ್ಟು ಸಾಕು. 10 ಮೀಟರ್ ಅಳೆದು ಎರಡು ಕೋಲು ನೆಟ್ಟು, ಒಣ ಅಡಿಕೆ ಸಿಪ್ಪೆ ತೇಲಿಬಿಟ್ಟು, ಗಡಿಯಾರ ನೋಡಿದರು. ಐದು ಸಲ ಮಾಡಿ ಸರಾಸರಿ ತೆಗೆದರು. ನಡುವಿನಲ್ಲಿ ಬಿಟ್ಟ ಸಿಪ್ಪೆ ಬೇಗ, ದಂಡೆಯ ಬದಿಯದು ನಿಧಾನ. ದಂಡೆಯಲ್ಲಿ ನಿಂತು ನೋಡಿದವನಿಗೆ ಹೊಳೆಯ ನಡುವಿನ ವೇಗ ಗೊತ್ತಾಗದು ಎಂಬುದು ಅಲ್ಲೇ ಸಿಕ್ಕಿತು.

ಆಮೇಲೆ ತರಗತಿಗೆ ಬಂದು ಲೆಕ್ಕ. ಒಬ್ಬರ ಕಾಲು ಸುಮಾರು 10 ಸೆಂ.ಮೀ. ಅಗಲ, ಮೊಣಕಾಲಿನವರೆಗೆ 45 ಸೆಂ.ಮೀ. ಎತ್ತರ ಎಂದಿಟ್ಟುಕೊಳ್ಳೋಣ. ಎರಡು ಕಾಲು ಸೇರಿ ನೀರಿಗೆ ಎದುರಾಗುವ ವಿಸ್ತೀರ್ಣ 0.09 ಚದರ ಮೀಟರ್. ನೀರಿನ ವೇಗ ಸೆಕೆಂಡಿಗೆ 1 ಮೀಟರ್ ಇದ್ದರೆ ಪ್ರತಿ ಸೆಕೆಂಡಿಗೆ 90 ಕಿಲೋಗ್ರಾಂ ನೀರು ಬಂದು ಬಡಿಯುತ್ತದೆ. ನ್ಯೂಟನ್ನನ ಎರಡನೆಯ ನಿಯಮದಂತೆ ಸಂವೇಗ ಬದಲಾಗುವ ದರವೇ ಬಲ. ಆ ನೀರೆಲ್ಲ ಕಾಲಿಗೆ ಬಡಿದು ನಿಂತುಬಿಟ್ಟರೆ ಬಲ 90 ನ್ಯೂಟನ್. ಆದರೆ ನೀರು ಪಕ್ಕಕ್ಕೆ ಸರಿದು ಹೋಗುವುದರಿಂದ ಸುಮಾರಾಗಿ ಅರ್ಧ, 45 ನ್ಯೂಟನ್ ಎಂದು ಹಿಡಿದೆವು. ಇದು ಅಂದಾಜು. ಮಕ್ಕಳಿಗೂ ಅಂದಾಜೆಂದೇ ಹೇಳಿದೆ. ಮುಖ್ಯವಾದದ್ದು ಮುಂದಿನ ಹೆಜ್ಜೆ.

ವೇಗ ಇಮ್ಮಡಿಯಾದರೆ? ಬಡಿಯುವ ನೀರೂ ಇಮ್ಮಡಿ, ಅದರ ವೇಗವೂ ಇಮ್ಮಡಿ. ಆದ್ದರಿಂದ ಬಲ ನಾಲ್ಕು ಪಟ್ಟು, 180 ನ್ಯೂಟನ್. ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು, 405 ನ್ಯೂಟನ್. ಇದನ್ನು ತೂಕಕ್ಕೆ ತಿರುಗಿಸಿದರೆ ಕ್ರಮವಾಗಿ ನಾಲ್ಕೂವರೆ ಕಿಲೋ, 18 ಕಿಲೋ, 41 ಕಿಲೋದಷ್ಟು ಒತ್ತು. ಸೆಕೆಂಡಿಗೆ 1 ಮೀಟರ್ ಎಂದರೆ ನಿಧಾನದ ನಡಿಗೆ, 3 ಮೀಟರ್ ಎಂದರೆ ಸಾಧಾರಣ ಓಟ. ನಡಿಗೆಯಿಂದ ಓಟಕ್ಕೆ ಹೊಳೆ ಬದಲಾದರೆ, ಅದೇ ಮೊಣಕಾಲುದ್ದ ನೀರು ಒಂಬತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿಯ ತೂಕದಷ್ಟು ಬಲದಿಂದ ಕಾಲನ್ನು ತಳ್ಳುತ್ತದೆ. ತರಗತಿಯಲ್ಲಿ 41 ಕಿಲೋ ತೂಗುವ ಹುಡುಗನನ್ನು ಎಲ್ಲರೂ ತಿರುಗಿ ನೋಡಿದರು.

ತಡೆಯುವುದು ಏನು? ಪಾದದಡಿಯ ಘರ್ಷಣೆ ಮಾತ್ರ. ಇದಕ್ಕೆ ಸ್ಪ್ರಿಂಗ್ ತ್ರಾಸು ಮತ್ತು ಒಂದು ಇಟ್ಟಿಗೆ ಸಾಕಾಯಿತು. ಜಗಲಿಯ ಒಣ ನೆಲದ ಮೇಲೆ ಇಟ್ಟಿಗೆಯನ್ನು ಎಳೆದು ಅಂಕಿ ಬರೆದುಕೊಂಡರು. ಅದೇ ಇಟ್ಟಿಗೆಯನ್ನು ಬಾವಿಕಟ್ಟೆಯ ಪಕ್ಕದ ಪಾಚಿಗಟ್ಟಿದ ಹಾಸುಗಲ್ಲಿನ ಮೇಲೆ ನೀರು ಸುರಿದು ಎಳೆದರು. ಬೇಕಾದ ಬಲ ಅರ್ಧಕ್ಕಿಂತ ಕೆಳಗೆ ಬಂತು. ನೀರಿನಲ್ಲಿ ನಿಂತಾಗ ತೇಲುವಿಕೆಯಿಂದ ನೆಲಕ್ಕೆ ಬೀಳುವ ಭಾರವೂ ಕಡಿಮೆಯಾಗುತ್ತದೆ ಎಂಬುದನ್ನು ಹಿಂದಿನ ಬೆಂಚಿನಿಂದ ಒಬ್ಬಳು ಸೇರಿಸಿದಳು. ಆರ್ಕಿಮಿಡಿಸ್ ತತ್ವ ಆ ದಿನದ ಪಾಠಯೋಜನೆಯಲ್ಲಿ ಇರಲಿಲ್ಲ.

ಎತ್ತರದ ಲೆಕ್ಕ ಬೇಗ ಮುಗಿಯಿತು. 116 ಮೀಟರಿನ ಉಂಚಳ್ಳಿಯಲ್ಲಿ ಗಾಳಿಯ ತಡೆ ಇಲ್ಲವೆಂದುಕೊಂಡರೆ ಹನಿ ಕೆಳಗೆ ತಲುಪಲು 4.9 ಸೆಕೆಂಡ್, ಜೋಗದಲ್ಲಿ 7.2 ಸೆಕೆಂಡ್. ನಿಜವಾಗಿ ಗಾಳಿಯ ತಡೆ ಇದ್ದೇ ಇದೆ, ನೀರು ಪುಡಿಯಾಗಿ ನಿಧಾನವಾಗುತ್ತದೆ, ಕಣಿವೆಯ ಮಂಜಿನಲ್ಲಿ ಆ ಪುಡಿಯ ಪಾಲೂ ಇದೆ.

ಶಬ್ದದ ಘಟಕಕ್ಕೆ ಉಂಚಳ್ಳಿಯ ಊರಿನ ಹೆಸರೇ ಸಾಕು. ಅದನ್ನು ಕೆಪ್ಪ ಜೋಗ ಎನ್ನುತ್ತಾರೆ, ಹತ್ತಿರ ನಿಂತವರಿಗೆ ಬೇರೇನೂ ಕೇಳಿಸದು ಎಂದು. ನಕ್ಷೆಗಳಲ್ಲಿ ಲಷಿಂಗ್ಟನ್ ಫಾಲ್ಸ್ ಎಂದೂ ಇದೆ. 1845ರಲ್ಲಿ ಜೆ.ಡಿ. ಲಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರ್ ಅದನ್ನು ‘ಕಂಡುಹಿಡಿದರು’ ಎಂದು ಕರಪತ್ರಗಳು ಹೇಳುತ್ತವೆ. “ಅಷ್ಟು ದೊಡ್ಡ ಸದ್ದು ಅವ್ರಿಗಿಂತ ಮೊದ್ಲು ಊರವ್ರಿಗೆ ಕೇಳಿಸ್ಲಿಲ್ವಾ?” ಎಂಬ ಪ್ರಶ್ನೆಗೆ ನಗು ಎದ್ದಿತು. ಕೈಪಿಡಿಯಲ್ಲಿ ‘ಕಂಡುಹಿಡಿದರು’ ಹೋಗಿ ‘ಬಂದು ನೋಡಿದರು’ ಆಯಿತು. ಆದರೆ ಆ ಹೆಸರಿನಿಂದ ಒಂದು ಉಪಯುಕ್ತ ಸೂಚನೆಯೂ ಹೊರಟಿತು. ಜಲಪಾತದ ಬಳಿ ಒಬ್ಬರು ಜಾರುತ್ತಿದ್ದರೆ ಇನ್ನೊಬ್ಬರು ಕೂಗಿದ್ದು ಕೇಳಿಸುವುದಿಲ್ಲ. ಕೈಸನ್ನೆಯನ್ನು ಮೊದಲೇ ಮಾತಾಡಿಕೊಂಡು ಹೋಗಬೇಕು. ನಾನು ನೋಡಿದ ಯಾವ ಕರಪತ್ರದಲ್ಲೂ ಈ ಮಾತಿರಲಿಲ್ಲ.

ಮಕ್ಕಳು ಬರೆದದ್ದು

ಕೊನೆಯ ಅವಧಿಯಲ್ಲಿ ಗುಂಪುಗಳು ಬರೆದ ಪುಟಗಳಿಂದ ಕೆಲವನ್ನು ಕಾಗುಣಿತ ಮಾತ್ರ ತಿದ್ದಿ ಇಲ್ಲಿ ಕೊಡುತ್ತಿದ್ದೇನೆ.

ಬನವಾಸಿ: “ಕದಂಬರ ರಾಜಧಾನಿ. ಮಧುಕೇಶ್ವರ ದೇವಸ್ಥಾನ ವರ್ಷವಿಡೀ ನೋಡಬಹುದು. ಹೊಳೆ ಪಕ್ಕದಲ್ಲೇ ಇದೆ. ವರದಾ ನದಿ ಇಲ್ಲಿ ಧುಮುಕುವುದಿಲ್ಲ, ನಿಧಾನಕ್ಕೆ ಹರಿಯುತ್ತದೆ. ನಿಧಾನ ಇದೆ ಎಂದು ಇಳಿಯಬೇಡಿ. ಮಳೆ ಜೋರಾದರೆ ಹೊಳೆ ಉಕ್ಕಿ ದಂಡೆಯ ಗದ್ದೆಗಳು ಮುಳುಗುತ್ತವೆ. ಈ ನೀರು ಬಂಗಾಳ ಕೊಲ್ಲಿಗೆ ಹೋಗುತ್ತದೆ. ನೀವು ನಾಳೆ ಶಿರಸಿಯಲ್ಲಿ ನೋಡುವ ನೀರು ಅಲ್ಲಿಗೆ ಹೋಗುವುದಿಲ್ಲ.”

ಉಂಚಳ್ಳಿ: “ಹೆಗ್ಗರಣೆಯ ಮೇಲೆ ಹೋಗಬೇಕು. ಮೇಲೆ ಅಣೆಕಟ್ಟು ಇಲ್ಲ, ಮಳೆ ಬಂದಷ್ಟು ನೀರು. ಜುಲೈನಲ್ಲಿ ಬಂದರೆ ಸದ್ದು ಕೇಳಿಸುತ್ತದೆ, ಜಲಪಾತ ಕಾಣಿಸದೆಯೂ ಇರಬಹುದು, ನಮ್ಮನ್ನು ಬೈಯಬೇಡಿ. ಅಕ್ಟೋಬರದಲ್ಲಿ ಬನ್ನಿ. ಕಟಾಂಜನ ದಾಟಬೇಡಿ. ಫೋಟೊ ಕಟಾಂಜನದ ಈಚೆಯಿಂದಲೂ ಬರುತ್ತದೆ.”

ಮಾಗೋಡು: “ದೂರದಿಂದ ನೋಡುವ ಜಲಪಾತ. ನಿಮ್ಮ ತಲೆ ಮೇಲೆ ಬಿಸಿಲು ಇದ್ದರೂ ಕಲಘಟಗಿ ಕಡೆ ಮಳೆಯಾಗಿದ್ದರೆ ಬೇಡ್ತಿ ಏರುತ್ತದೆ. ಹೊಳೆಯಲ್ಲಿ ಎಲ್ಲಾದರೂ ನೀರು ಕೆಂಪಾದರೆ, ಎಲೆ ಕಸ ತೇಲಿ ಬಂದರೆ, ಚಪ್ಪಲಿ ಬಿಟ್ಟಾದರೂ ಮೇಲೆ ಬನ್ನಿ.”

ಸಾತೊಡ್ಡಿ: “ಎತ್ತರ 15 ಮೀಟರ್ ಮಾತ್ರ. ಎತ್ತರ ಕಡಿಮೆ ಎಂದು ಎಲ್ಲರೂ ಹತ್ತಿರ ಹೋಗುತ್ತಾರೆ. ಇಟ್ಟಿಗೆ ಪ್ರಯೋಗ ನೆನಪಿಡಿ.”

ಕೊನೆಯ ವಾಕ್ಯ ಪ್ರವಾಸಿಗೆ ಅರ್ಥವಾಗದು ಎಂದು ಇನ್ನೊಂದು ಗುಂಪು ತಕರಾರು ತೆಗೆಯಿತು. ಬರೆದವರು ಅದನ್ನು ತೆಗೆಯಲು ಒಪ್ಪಲಿಲ್ಲ. ಬದಲಿಗೆ ಇಟ್ಟಿಗೆ ಪ್ರಯೋಗವನ್ನು ಚಿತ್ರ ಸಹಿತ ಅರ್ಧ ಪುಟ ವಿವರಿಸಿ ಸೇರಿಸಿದರು. ಪ್ರವಾಸಿ ಕೈಪಿಡಿಯಲ್ಲಿ ಘರ್ಷಣೆಯ ಪ್ರಯೋಗ ಇರುವುದು ವಿಚಿತ್ರವೇ, ಆದರೂ ಉಳಿಯಲಿ ಎಂದೆ.

ಅವಲೋಕನಕಾರರ ಆಕ್ಷೇಪ ಮತ್ತು ಮೌಲ್ಯಮಾಪನ

ಪಾಠ ವೀಕ್ಷಿಸಿದ ಸಹ ಪ್ರಶಿಕ್ಷಣಾರ್ಥಿಗಳು ಎರಡು ಆಕ್ಷೇಪ ಬರೆದರು. ಒಂದು, ಇದು ವಿಜ್ಞಾನವೋ ಕನ್ನಡವೋ ಭೂಗೋಳವೋ? ಇನ್ನೊಂದು, ಐದು ಅವಧಿಯಲ್ಲಿ ಎಷ್ಟು ಪುಟ ಮುಂದೆ ಹೋಗಬಹುದಿತ್ತು? ಎರಡನೆಯದು ನ್ಯಾಯವಾದ ಪ್ರಶ್ನೆ. ಹೊಸ ಘಟಕವನ್ನು ಈ ವಿಧಾನದಲ್ಲಿ ಮೊದಲಿನಿಂದ ಕಲಿಸಲು ನಾನು ಶಿಫಾರಸು ಮಾಡುವುದಿಲ್ಲ. ಸಂವೇಗ ಎಂದರೇನೆಂದು ಗೊತ್ತಿಲ್ಲದ ಮಗುವಿಗೆ ಮೊಣಕಾಲುದ್ದ ನೀರಿನ ಲೆಕ್ಕ ಬರೀ ಹೆದರಿಕೆಯಾಗುತ್ತದೆ. ಘಟಕಗಳು ಮುಗಿದ ಮೇಲೆ, ಪುನರಾವರ್ತನೆಗೆಂದು ಹೇಗೂ ಇಟ್ಟಿರುವ ಅವಧಿಗಳಲ್ಲಿ ಇದನ್ನು ಮಾಡಬಹುದು. ಮೊದಲ ಆಕ್ಷೇಪಕ್ಕೆ ಉತ್ತರವಾಗಿ ಮೌಲ್ಯಮಾಪನದ ರೀತಿಯನ್ನು ತಿಳಿಸುತ್ತೇನೆ. ಭಾಷೆಗೆ, ಚಿತ್ರಕ್ಕೆ, ಅಂದಕ್ಕೆ ಅಂಕವಿರಲಿಲ್ಲ. ಕೈಪಿಡಿಯ ಪ್ರತಿ ಎಚ್ಚರಿಕೆಯ ವಾಕ್ಯಕ್ಕೂ ‘ಏಕೆ’ ಎಂದು ಕೇಳಿದಾಗ ಗುಂಪಿನ ಯಾವ ಸದಸ್ಯರಾದರೂ ಒಂದು ನಿಯಮ ಅಥವಾ ಒಂದು ಅಳತೆಯನ್ನು ತೋರಿಸಿ ಉತ್ತರಿಸಬೇಕು. ಉತ್ತರ ಬಾರದ ವಾಕ್ಯವನ್ನು ಕೈಪಿಡಿಯಿಂದ ಹೊಡೆದುಹಾಕಬೇಕು. ಹೀಗೆ ಹೊಡೆದುಹಾಕಿದವುಗಳಲ್ಲಿ ‘ಹೊಳೆಯಲ್ಲಿ ಸುಳಿ ಇರುತ್ತದೆ’ ಎಂಬುದೂ ಒಂದು. ಅದು ಸುಳ್ಳಲ್ಲ. ಆದರೆ ಸುಳಿ ಹೇಗೆ ಹುಟ್ಟುತ್ತದೆಂದು ಆ ಗುಂಪಿಗೆ ಹೇಳಲಾಗಲಿಲ್ಲ. ಮಾರನೆಯ ದಿನ ಅವರು ಬಕೆಟ್ಟು, ಕಲ್ಲು, ಅಡಿಕೆ ಸಿಪ್ಪೆ ಹಿಡಿದು ಬಂದು, ಹರಿವಿಗೆ ಅಡ್ಡವಾದ ಕಲ್ಲಿನ ಹಿಂದೆ ನೀರು ತಿರುಗುವುದನ್ನು ಕಾದಿಗೆಯಲ್ಲೇ ತೋರಿಸಿ, ವಾಕ್ಯವನ್ನು ಮರಳಿ ಪಡೆದರು.

ಈ ಪಾಠವನ್ನು ಬೇರೆಡೆ ಮಾಡುವವರಿಗೆ ಒಂದು ಮಾತು. ಜಲಪಾತ ಇರಲೇಬೇಕೆಂದಿಲ್ಲ. ಯಾವ ಊರಿನ ಕೆರೆಯ ಕೋಡಿಗೂ, ಕಾಲುವೆಗೂ, ಸಮುದ್ರ ದಂಡೆಗೂ ಇದೇ ಪ್ರಶ್ನೆಗಳು ಸಲ್ಲುತ್ತವೆ. ಬೇಕಾದ ಸಾಮಗ್ರಿ ಅಳತೆ ಟೇಪು, ಗಡಿಯಾರ, ತೇಲುವ ಒಂದು ಒಣ ವಸ್ತು, ಸ್ಪ್ರಿಂಗ್ ತ್ರಾಸು, ಇಟ್ಟಿಗೆ, ಒಂದು ಹಳೆಯ ಪಂಚಾಂಗ. ಅಳತೆಗೆ ಪಾದ ಮುಳುಗುವುದಕ್ಕಿಂತ ಹೆಚ್ಚು ಆಳದ ನೀರಿಗೆ ಮಕ್ಕಳನ್ನು ಇಳಿಸಬಾರದು. ಹಾಗೆ ಇಳಿಸಿದರೆ ನಮ್ಮ ಕೈಪಿಡಿಯ ಮೊದಲ ಪುಟವನ್ನು ನಾವೇ ಓದಿಲ್ಲವೆಂದಾಗುತ್ತದೆ.

ಕೈಪಿಡಿಯ ಕೈಬರಹದ ಪ್ರತಿ ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿದೆ. ಜಲಪಾತದ ದಾರಿಯ ಆ ಹುಡುಗಿ ಮಾಗೋಡು ಮತ್ತು ಉಂಚಳ್ಳಿಯ ಪುಟಗಳನ್ನು ನಕಲು ಮಾಡಿಕೊಂಡು, ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು, ಮನೆಯ ಮುಂದಿನ ದಣಪೆಗೆ ಕಟ್ಟಿದ್ದಾಳೆ. ಅದರ ಕೆಳಗೆ ತಾನೇ ಒಂದು ಸಾಲು ಸೇರಿಸಿದ್ದಾಳೆ: “ಇವತ್ತು ನೀರು ಎಷ್ಟಿದೆ ಎಂದು ಇಲ್ಲಿ ಕೇಳಿ, ಹೇಳುತ್ತೇವೆ.”